ಒಂಬತ್ತು ಬೀಗ, ಒಂದು ಕಪ್ಪು ಫೋಟೊ

ಮೂವತ್ತೆರಡನೇ ವಯಸ್ಸಿಗೆ ನಿವೃತ್ತಳಾದೆ ಎಂದರೆ ನಮ್ಮ ಓಡೈಪಟ್ಟಿಯಲ್ಲಿ ಯಾರೂ ನಂಬುವುದಿಲ್ಲ. ಕೆಲಸದಿಂದ ತೆಗೆದುಹಾಕಿದ್ದಾರೆ ಎಂದೇ ತಿಳಿಯುತ್ತಾರೆ. ನಿಜ ಸಂಗತಿ ಏನೆಂದರೆ, ದಿಂಡಿಗಲ್ಲಿನ ನಮ್ಮ ಕಾಲೇಜಿನಲ್ಲಿ ಸಂಶೋಧನಾ ಸಹಾಯಕರ ಹುದ್ದೆಗೆ ವಯಸ್ಸಿನ ಮಿತಿ ಮೂವತ್ತೆರಡು. ನನ್ನ ಹುಟ್ಟಿದ ದಿನ ಮಧ್ಯಾಹ್ನ ಎರಡು ಗಂಟೆಗೆ ಒಂದು ಶಾಲು ಹೊದಿಸಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಗಡಿಯಾರ ಆರು ನಿಮಿಷ ಹಿಂದೆ ಇತ್ತು. ಭಾಷಣ ಮಾಡಿದವರು ನನ್ನ 'ಸುದೀರ್ಘ ಸೇವೆ'ಯನ್ನು ಹೊಗಳಿದರು, ವಿಶ್ರಾಂತ ಜೀವನ ಸುಖಕರವಾಗಿರಲಿ ಎಂದು ಹಾರೈಸಿದರು.

ಕಳೆದ ವಾರ ನನ್ನ ಸ್ಟೂಲಿಗೆ ಬಂದಿರುವ ಹೊಸ ಹುಡುಗಿ ಫೋನ್ ಮಾಡಿ, "ಅಕ್ಕಾ, ಈ ಕೆಲಸದಲ್ಲಿ ಯಾವುದಕ್ಕೆ ಹೆದರಬೇಕು?" ಎಂದು ಕೇಳಿದಳು. ಆರು ವರ್ಷದಲ್ಲಿ ನಾನು ಹನ್ನೊಂದು ಡೈರಿ ತುಂಬಿಸಿದ್ದೇನೆ. ಅವನ್ನು ಮುಂದಿಟ್ಟುಕೊಂಡು ಅವಳಿಗೂ ಅವಳಂಥವರಿಗೂ ಇದನ್ನು ಬರೆಯುತ್ತಿದ್ದೇನೆ. ಡೈರಿಗಳೆಲ್ಲ ಕನ್ನಡದಲ್ಲಿವೆ. ಮನೆಯ ಮಾತು ಕನ್ನಡವಾದರೂ ನಮ್ಮ ಊರಿನಲ್ಲಿ ಯಾರಿಗೂ ಅದರ ಅಕ್ಷರ ಬರುವುದಿಲ್ಲ. ನಾನು ಹೊಸೂರಿನ ಚಿಕ್ಕಮ್ಮನ ಮನೆಯಲ್ಲಿದ್ದು ಐದು ವರ್ಷ ಕನ್ನಡ ಶಾಲೆಗೆ ಹೋದವಳು. ಪ್ರಯೋಗಾಲಯದಲ್ಲಿ ಯಾರೂ ಓದಲಾರದ ಪುಸ್ತಕ ಇಟ್ಟುಕೊಳ್ಳುವುದರಲ್ಲಿ ಒಂದು ಸುಖವಿದೆ. ಒಂದು ಅಪಾಯವೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಕೆಲಸ ಏನೆಂದು ತಿಳಿಸಬೇಕು. ನಮ್ಮ ದೇಹದ ಕೋಶಗಳೊಳಗೆ ಸತು, ತಾಮ್ರ, ಕಬ್ಬಿಣದಂಥ ಲೋಹಗಳು ಅಯಾನುಗಳಾಗಿ ಓಡಾಡುತ್ತಿರುತ್ತವೆ. ಅವು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಒಂದು ಅಣುವನ್ನು ತಯಾರಿಸಿ ಜೀವಂತ ಕೋಶದೊಳಗೆ ಬಿಡುತ್ತಾರೆ. ಅದು ತನಗೆ ಬೇಕಾದ ಲೋಹವನ್ನು ಹಿಡಿದುಕೊಂಡಾಗ ಮಾತ್ರ ಹೊಳೆಯುತ್ತದೆ, ಹಿಡಿಯದಿದ್ದರೆ ಕತ್ತಲಾಗಿ ಕೂತಿರುತ್ತದೆ. ಇದಕ್ಕೆ ಶೋಧಕ ಎನ್ನುತ್ತಾರೆ. ನಮ್ಮ ಮೇಡಂ ತಯಾರಿಸಿದ್ದು ಸತುವಿನ ಶೋಧಕ. ನೀಲಿ ಬೆಳಕು ಬಿಟ್ಟರೆ ಹಸಿರಾಗಿ ಹೊಳೆಯಬೇಕು. ಹದಿಮೂರು ಅಣುಗಳು ಕೆಟ್ಟು ಹದಿನಾಲ್ಕನೆಯದು ಕೈಗೂಡಿತ್ತು. ಅದಕ್ಕೆ ಬೇರೆ ಹೆಸರೇ ಇಡದೆ 'ಹದಿನಾಲ್ಕು' ಎಂದೇ ಕರೆಯುತ್ತಿದ್ದೆವು.

ಮೊದಲ ವಾರ ನಾನು ಮಾಡಿದ ತಪ್ಪುಗಳು ಏಳು. ಅವುಗಳಲ್ಲಿ ದೊಡ್ಡದು, ಕೋಶಗಳಿಗೆ ಮೂವತ್ತೇಳು ಡಿಗ್ರಿ ಬೇಕು ಎಂದು ಮೇಡಂ ಹೇಳಿದ್ದನ್ನು ಕೇಳಿ, ಅವನ್ನು ಬೆಚ್ಚಗಿಡುವ ಪೆಟ್ಟಿಗೆಯ ವಿದ್ಯುತ್ ಹೋದಾಗ ತಟ್ಟೆಗಳನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟದ್ದು. ಅದು ಮೇ ತಿಂಗಳು, ದಿಂಡಿಗಲ್ಲಿನ ಬಿಸಿಲು. ಸತ್ತ ತಟ್ಟೆಗಳು: ಹನ್ನೆರಡು. ಮೇಡಂ ಬೈಯಲಿಲ್ಲ. "ಹಪ್ಪಳ ಮಾಡಬೇಕು ಅಂದಿದ್ದರೆ ನಮ್ಮ ಮನೆ ಮಹಡಿ ದೊಡ್ಡದಾಗಿದೆಯಮ್ಮಾ" ಎಂದಷ್ಟೇ ಅಂದರು. ಮೇಡಂ ಮಾತಾಡುತ್ತಿದ್ದದ್ದು ತಮಿಳಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರು ಎಂದೂ ದನಿ ಏರಿಸುತ್ತಿರಲಿಲ್ಲ. ಅದೇ ಕಷ್ಟವಾಗಿತ್ತು.

ಆಗಿನ ಪದ್ಧತಿಯೂ ಬೇರೆ. ಹೊಳಪನ್ನು ಈಗ ಕಂಪ್ಯೂಟರ್ ಅಂಕಿಯಲ್ಲಿ ಕೊಡುತ್ತದೆ. ನಾನು ಸೇರಿದಾಗ ಮೇಡಂ ಚಿತ್ರಗಳನ್ನು ಮುದ್ರಿಸಿ ಮೇಜಿನ ಮೇಲೆ ಹರಡಿ, ಪಕ್ಕದ ವಿಭಾಗದವರನ್ನು ಕರೆದು, "ಯಾವುದು ಹೆಚ್ಚು ಹಸಿರು, ಹೇಳಿ" ಎಂದು ಕೇಳುತ್ತಿದ್ದರು. ಕಾಮರ್ಸ್ ವಿಭಾಗದ ಒಬ್ಬರು ಬಹಳ ನಂಬಿಕಸ್ಥ ಕಣ್ಣಿನವರು. ಅವರಿಗೆ ಪೊರೆ ಬಂದ ಮೇಲೆ ನಾವು ಸಾಫ್ಟ್‌ವೇರ್ ಹಾಕಿಸಿದೆವು.

ಸೂಕ್ಷ್ಮದರ್ಶಕದ ಕೋಣೆಯ ಹೊಣೆ ಪಾಂಡಿಯಣ್ಣನವರದು. ಪ್ರಯೋಗಾಲಯದ ಸಹಾಯಕರು, ಐವತ್ತೈದು ದಾಟಿದವರು, ಆಂಡಿಪಟ್ಟಿಯ ಕಡೆಯವರು. ನಾನು ಸೇರಿದ ಮೂರನೇ ದಿನ ಫೋನಿನಲ್ಲಿ ಅವ್ವನ ಹತ್ತಿರ ಮಾತಾಡುತ್ತಿದ್ದಾಗ ಹಿಂದಿನಿಂದ, "ಏನ್ ಪಾಪಾ, ನೀನೂ ನಮ್ಮೋಳಾ?" ಎಂದರು. ಅವರ ಮನೆಯ ಮಾತೂ ಕನ್ನಡವೇ. ಅಂದಿನಿಂದ ಎಲ್ಲರ ಮುಂದೆ ತಮಿಳಿನಲ್ಲಿ ಅವರಿಗೆ ಬಹುವಚನ, ಇಬ್ಬರೇ ಇದ್ದಾಗ ನಮ್ಮ ಮಾತಿನಲ್ಲಿ 'ನೀನು'. ಆ ವಾರದ ಡೈರಿಯಲ್ಲಿ ಹೀಗೊಂದು ಸಾಲಿದೆ: 'ಊರಿಂದ ತಂದದ್ದು: ಪನ್ನೀರು ದ್ರಾಕ್ಷಿ, ಒಂದು ಬುಟ್ಟಿ, ಮೇಡಂಗೆ. ಅರಿಶಿನ, ಒಂದು ಡಬ್ಬಿ, ಪಾಂಡಿಯಣ್ಣನಿಗೆ.' ಅವ್ವ ಕಾಲುವೆಯ ಬದಿಯಲ್ಲಿ ಬೆಳೆದು, ಬೇಯಿಸಿ, ಒಣಗಿಸಿ, ಪುಡಿ ಮಾಡಿದ ಅರಿಶಿನ ಅದು. ಈ ಸಾಲನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ನನ್ನ ಐದನೇ ವರ್ಷದಲ್ಲಿ, ಜುಲೈ 23, ಮಂಗಳವಾರ, ಕಾಗದ ಬಂತು. 'ಹದಿನಾಲ್ಕ'ರ ಬಗ್ಗೆ ನಾವು ಕಳಿಸಿದ್ದ ಲೇಖನವನ್ನು ಪರಿಶೀಲಿಸಿದವರು ಒಂದೇ ಪ್ರಶ್ನೆ ಕೇಳಿದ್ದರು. ಸತುವನ್ನು ಹಾಕಿದ ಕೋಶಗಳು ಹೊಳೆಯುವುದು ಸರಿ; ಹಾಕದ ಕೋಶಗಳು ಏಕೆ ಮಿನುಗುತ್ತಿವೆ? ಅವು ಕತ್ತಲಾಗಿರುವ ಚಿತ್ರವನ್ನು ತೊಂಬತ್ತು ದಿನದೊಳಗೆ ಕಳಿಸಿ. ಕಳಿಸದಿದ್ದರೆ ಲೇಖನವಿಲ್ಲ, ಲೇಖನವಿಲ್ಲದಿದ್ದರೆ ಯೋಜನೆಯ ಎರಡನೇ ಹಂತವಿಲ್ಲ, ಎರಡನೇ ಹಂತವಿಲ್ಲದಿದ್ದರೆ ನಾನು ಒಂದು ಲೇಖನದಲ್ಲೂ ಹೆಸರಿಲ್ಲದೆ ಊರಿಗೆ ಹೋಗಿ ದ್ರಾಕ್ಷಿಗೆ ಪೆಟ್ಟಿಗೆ ಕಟ್ಟುವುದು. ಕೊನೆಯ ದಿನ ಅಕ್ಟೋಬರ್ 21, ಸೋಮವಾರ, ಮಧ್ಯಾಹ್ನ ಹನ್ನೆರಡು. ನಮಗೆ ಬೇಕಾಗಿದ್ದದ್ದು ಒಂದು ಕಪ್ಪು ಫೋಟೊ. ಜಗತ್ತಿನಲ್ಲಿ ಅದಕ್ಕಿಂತ ಸುಲಭವಾದದ್ದು ಇರಲಾರದು ಎಂದು ನಾನು ಅಂದುಕೊಂಡೆ.

ಸತು ಹಾಕದೆ, ಬರೀ ಶೋಧಕ ಹಾಕಿ ಮೊದಲ ವಾರ ತೆಗೆದ ಚಿತ್ರಗಳು ಒಂಬತ್ತು. ಒಂಬತ್ತೂ ಹಸಿರು. ಎಲ್ಲಿಂದಲೋ ಸತು ಒಳಗೆ ಬರುತ್ತಿದೆ ಎಂದರು ಮೇಡಂ. ನೀರು ಬದಲಾಯಿಸಿದೆವು, ಸೀಸೆ ಬದಲಾಯಿಸಿದೆವು. ನಾನು ಊಟದ ಡಬ್ಬಿ ಬದಲಾಯಿಸಿದೆ. ಆಮೇಲೆ ಒಂದು ದಿನ ಮೇಡಂ ಸೂಕ್ಷ್ಮದರ್ಶಕದ ಕೋಣೆಯ ಬಾಗಿಲಲ್ಲಿ ನಿಂತು ಬೀಗವನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಅದು ಮಾವಿನಕಾಯಿಯ ಆಕಾರದ, ಮುಕ್ಕಾಲು ಕಿಲೊ ತೂಕದ, ನಮ್ಮ ದಿಂಡಿಗಲ್ಲಿನದೇ ಹಿತ್ತಾಳೆ ಬೀಗ.

"ಹಿತ್ತಾಳೆಯಲ್ಲಿ ಏನೇನಿದೆಯಮ್ಮಾ?"

"ತಾಮ್ರ, ಸತು ಮೇಡಂ."

"ದಿನಾ ಅದನ್ನು ಹಿಡಿಯೋದು ಯಾರು?"

ಬೀಗ ತೆಗೆಯಬೇಕೆಂದು ತೀರ್ಮಾನವಾಯಿತು. ಆದರೆ ಅದನ್ನು ಮಾಡಿದ ಆಚಾರಿಗೆ ಸುದ್ದಿ ಮುಟ್ಟಿ, ಅವರೇ ಬಂದುಬಿಟ್ಟರು. ಎಪ್ಪತ್ತು ವರ್ಷದವರು, ಕೈಯಲ್ಲಿ ಭೂತಗನ್ನಡಿ. "ನನ್ನ ಬೀಗ ಉದುರುತ್ತೆ ಅಂದರಂತೆ. ಉದುರೋಕೆ ಅದೇನು ತಲೆಗೂದಲಾ? ನಮ್ಮಪ್ಪ ಮಾಡಿದ ಬೀಗ ಜಮೀನ್ದಾರರ ಕಣಜದಲ್ಲಿ ಇವತ್ತಿಗೂ ಇದೆ. ಅವರ ಮನೆಯಲ್ಲಿ ಯಾರಾದರೂ ಹಸಿರಾಗಿದ್ದಾರಾ ಕೇಳಿ ಬನ್ನಿ." ಮೇಡಂ ಅವರನ್ನು ಕೂರಿಸಿ, ಕಾಫಿ ತರಿಸಿ, ಸತುವಿನ ಅಯಾನು ಎಂದರೇನೆಂದು ಇಪ್ಪತ್ತು ನಿಮಿಷ ವಿವರಿಸಿದರು. ಎಲ್ಲ ಕೇಳಿ ಅವರು, "ಸರಿ, ಕಬ್ಬಿಣದ್ದು ಕೊಡುತ್ತೇನೆ. ಆದರೆ ಇದು ನನ್ನ ಬೀಗದ ತಪ್ಪಲ್ಲ ಅಂತ ಎಲ್ಲಾದರೂ ಬರೆದಿಡಿ" ಎಂದರು. ಬರೆದಿಟ್ಟೆ, ಆಗಸ್ಟ್ 6. ಅವರೇ ಸರಿ ಎಂದು ತಿಳಿಯಲು ನಮಗೆ ಇನ್ನೂ ಎಪ್ಪತ್ತಮೂರು ದಿನ ಬೇಕಾಯಿತು.

ಎರಡನೆಯ ಬೀಗ ಕಬ್ಬಿಣದ್ದು. ಅದನ್ನು ಹಾಕಿದ ಮರುದಿನ ಕೋಶಗಳು ಮೊದಲಿಗಿಂತ ಜೋರಾಗಿ ಹೊಳೆದವು. ತುಕ್ಕು ಹಿಡಿಯದಿರಲೆಂದು ಅದಕ್ಕೆ ಬಳಿದದ್ದು ಸತುವಿನ ಲೇಪ ಎಂದು ಒಂದು ವಾರದ ಮೇಲೆ ಗೊತ್ತಾದಾಗ ಮೇಡಂಗೆ ಬಹಳ ಸಂತೋಷವಾಯಿತು, ಅವರ ಸಿದ್ಧಾಂತವೇ ಗೆದ್ದಂತಾಗಿತ್ತು. ಮೂರನೆಯದು ಸ್ಟೀಲಿನದು. ಹಾಕಿದ ಮರುದಿನ ಹಸಿರು. ನಾಲ್ಕನೆಯದು ಪ್ಲಾಸ್ಟಿಕ್ ಹೊದಿಕೆಯದು. ಹಸಿರು. ಐದನೆಯದು ಅಂಕಿ ತಿರುಗಿಸುವ ಬೀಗ. ಸತುವಿನ ಪರಮಾಣು ಸಂಖ್ಯೆ ಮೂವತ್ತು ಎಂದು ಮೇಡಂ ಸೊನ್ನೆ ಮೂರು ಸೊನ್ನೆ ಇಟ್ಟರು. ಇಡೀ ವಿಭಾಗ ಊಹಿಸಿತು. ಬದಲಾಯಿಸಿ ಏನೋ ಇಟ್ಟರು, ಅದನ್ನು ಅವರೇ ಮರೆತರು, ಬಾಗಿಲು ಎರಡು ದಿನ ತೆರೆಯಲಿಲ್ಲ. ಆರನೆಯದು ಸೈಕಲ್ಲಿನ ಚೈನು. ಏಳನೆಯದು ಮರದ ಅಗುಳಿ. ಎಂಟನೆಯದು ತೆಂಗಿನ ನಾರಿನ ಹಗ್ಗ.

ಉಗ್ರಾಣದ ಅಧಿಕಾರಿ ಪ್ರತಿಯೊಂದಕ್ಕೂ ಅರ್ಜಿ ಕೇಳುತ್ತಿದ್ದರು. ಅದರಲ್ಲಿ 'ಉದ್ದೇಶ' ಎಂಬ ಅಂಕಣವಿದೆ. ಮೊದಲ ಮೂರಕ್ಕೆ 'ಭದ್ರತೆ' ಎಂದು ಬರೆದೆ. ಹಗ್ಗಕ್ಕೆ ಹಾಗೆ ಬರೆಯಲು ಮನಸ್ಸು ಬರದೆ, 'ಕತ್ತಲೆಯ ಛಾಯಾಚಿತ್ರ ತೆಗೆಯಲು' ಎಂದು ಬರೆದೆ. ಅರ್ಜಿ ಹಿಂದಕ್ಕೆ ಬಂತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, 'ದೀಪ ಆರಿಸಿ ನೋಡಿದ್ದೀರಾ?' ಎಂದಿತ್ತು.

ಒಂದು ವಿಚಿತ್ರವನ್ನು ನಾನು ಗಮನಿಸಿದ್ದೆ. ಹೊಸ ಬೀಗ ಬಂದ ಮರುದಿನ ಹಸಿರು ಹೆಚ್ಚು. ದಿನ ಕಳೆದಂತೆ ಮಂಕು. ಶುಕ್ರವಾರ ಮತ್ತೆ ಏರುತ್ತದೆ. ಮೇಡಂಗೆ ತೋರಿಸಿದೆ. ಹೊಸ ಲೋಹ ಸವೆದಂತೆ ಸತು ಕಡಿಮೆಯಾಗುತ್ತದೆ ಎಂದರು. ಹಗ್ಗ ಸವೆದರೆ ಏನು ಕಡಿಮೆಯಾಗುತ್ತದೆ ಎಂದು ಕೇಳಲು ಧೈರ್ಯವಾಗಲಿಲ್ಲ. ಶುಕ್ರವಾರಕ್ಕೆ ಕಾರಣ ವಿದ್ಯುತ್ತಿನ ಏರಿಳಿತ ಇರಬಹುದು ಎಂದರು. ಒಂದು ಶುಕ್ರವಾರ ನಾನು ಹಾಸ್ಟೆಲಿನ ಸಾಂಬಾರು ಬಿಟ್ಟು ನೋಡಿದೆ. ಹಸಿರು, ಮತ್ತು ಹಸಿವು.

ಅಕ್ಟೋಬರ್ 11 ಆಯುಧಪೂಜೆ. ಸೂಕ್ಷ್ಮದರ್ಶಕದ ಮೇಲೆ ಒಂದು ಹೂವಿನ ಎಸಳೂ ಬೀಳಕೂಡದು ಎಂದು ಮೇಡಂ ವರ್ಷವೂ ಹೇಳುವಂತೆ ಆ ವರ್ಷವೂ ಹೇಳಿದರು. ಪಾಂಡಿಯಣ್ಣ ಹೊಸಿಲು ದಾಟಲಿಲ್ಲ. ನಾನೇ ಸಾಕ್ಷಿ. ರಜೆ ಮುಗಿಸಿ ಸೋಮವಾರ ತೆಗೆದ ಚಿತ್ರ ಆ ವರ್ಷದಲ್ಲೇ ಅತಿ ಹಸಿರು. ಅಂದೇ ಹಗ್ಗವನ್ನೂ ಬಿಚ್ಚಿ, ಒಂಬತ್ತನೆಯ ಬೀಗವಾಗಿ ಪಾಂಡಿಯಣ್ಣನವರನ್ನೇ ಬಾಗಿಲ ಮುಂದೆ ಸ್ಟೂಲ್ ಹಾಕಿ ಕೂರಿಸಿದೆವು. ಆಮೇಲೂ ಹಸಿರು ಬಂದಾಗ ಮೇಡಂ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದ ರೀತಿ ನನಗೆ ಹಿಡಿಸಲಿಲ್ಲ. ಮನುಷ್ಯನಲ್ಲಿ ಸತು ಎಷ್ಟಿರುತ್ತದೆ ಎಂದು ಅವರು ಲೆಕ್ಕ ಹಾಕುತ್ತಿದ್ದರು.

ಈಗ ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಅಕ್ಟೋಬರ್ 17, ಗುರುವಾರ, ಸಂಜೆ ನಾಲ್ಕೂವರೆ. ಉಳಿದದ್ದು ನಾಲ್ಕು ದಿನ. ಅಷ್ಟರಲ್ಲಿ ನಲವತ್ತಾರು ಚಿತ್ರ ತೆಗೆದಿದ್ದೆ, ಕಪ್ಪು ಸೊನ್ನೆ. ಕೋಣೆಯಲ್ಲಿ ಒಬ್ಬಳೇ ಇದ್ದೆ. ಸೂಕ್ಷ್ಮದರ್ಶಕದ ಪಕ್ಕದಲ್ಲಿ ಒಂದು ಸಣ್ಣ ಸನ್ನೆ ಇದೆ. ಅದನ್ನು ತಳ್ಳಿದರೆ ಕ್ಯಾಮೆರಾಕ್ಕೆ ಬೆಳಕು ಹೋಗುವ ದಾರಿ ಮುಚ್ಚುತ್ತದೆ. ತಳ್ಳಿದೆ, ಫೋಟೊ ತೆಗೆದೆ. ಕಪ್ಪು ಬಂತು, ಕಲೆಯೇ ಇಲ್ಲದ ಕಪ್ಪು. ಎಂಬತ್ತಾರು ದಿನ ಹುಡುಕಿದ್ದು ಎರಡು ಬೆರಳಿನಲ್ಲಿ ಸಿಕ್ಕಿತ್ತು. ಅದಕ್ಕೆ 47 ಎಂಬ ಹೆಸರು ಕೊಟ್ಟು, ಮೇಡಂಗೆ ಕಳಿಸುವ ಕಾಗದಕ್ಕೆ ಜೋಡಿಸಿದೆ. ಉಗ್ರಾಣದ ಅಧಿಕಾರಿಯ ಕೆಂಪು ಶಾಯಿ ನೆನಪಾಯಿತು.

ಕಳಿಸುವ ಮೊದಲು, ಅಂದಿನ ಕೊನೆಯ ತಟ್ಟೆಯನ್ನೂ ನೋಡಿಬಿಡೋಣ, ಆಗ ಕನಿಷ್ಠ ಕೆಲಸ ಮಾಡಿದೆ ಎಂದಾದರೂ ಆಗುತ್ತದೆ ಎನ್ನಿಸಿತು. ನೋಡಿದರೆ ಶೋಧಕದ ಸೀಸೆ ಖಾಲಿ. ಆ ತಟ್ಟೆಯಲ್ಲಿ ಸತುವೂ ಇಲ್ಲ, ಹದಿನಾಲ್ಕೂ ಇಲ್ಲ, ಬರೀ ಕೋಶಗಳು. ಸುಮ್ಮನೆ ಅದನ್ನೇ ಇಟ್ಟು, ದಾರಿ ತೆರೆದು, ನೀಲಿ ಬೆಳಕು ಬಿಟ್ಟೆ.

ಹಸಿರು.

ಹೊಳೆಯಬೇಕಾದ ಅಣುವೇ ಇಲ್ಲದೆ ಹೊಳೆಯುತ್ತಿದೆ ಎಂದರೆ ಅದು ಸತುವಿನ ಕೆಲಸವಲ್ಲ. ಸತುವಲ್ಲ ಎಂದರೆ ಬೀಗದ್ದಲ್ಲ. ಮೂರು ತಿಂಗಳು ನಾವು ತಪ್ಪು ಆರೋಪಿಯನ್ನು ಹಿಡಿದು ಎಂಟು ಸಲ ಬದಲಾಯಿಸಿದ್ದೆವು. ಏನೂ ಹಾಕದ ಒಂದು ತಟ್ಟೆಯನ್ನು ಮೊದಲ ದಿನವೇ ನೋಡಬೇಕು ಎಂದು ಪ್ರತಿ ಪಠ್ಯಪುಸ್ತಕದಲ್ಲೂ ಇದೆ. ತಟ್ಟೆ ಉಳಿಸೋಣವೆಂದು ನಾನೇ ಬಿಟ್ಟಿದ್ದೆ. ಹೊಸ ಹುಡುಗಿ ಕೇಳಿದಳಲ್ಲ, ಯಾವುದಕ್ಕೆ ಹೆದರಬೇಕು ಎಂದು. ಇದಕ್ಕೆ. 47ನ್ನು ಅಂದು ಕಳಿಸಲಿಲ್ಲ. ಅಳಿಸಲೂ ಇಲ್ಲ, ಅದನ್ನೂ ಹೇಳಬೇಕು.

ಮರುದಿನ ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಹೋದೆ. ಪಾಂಡಿಯಣ್ಣ ಆಗಲೇ ಸ್ಟೂಲಿನ ಮೇಲಿದ್ದರು. ಕಾರಿಡಾರಿನಲ್ಲಿ ಕೂತು ಡೈರಿ ತೆಗೆದು ಆಗಸ್ಟಿನಿಂದ ಒಂದೊಂದೇ ಸಾಲು ಗಟ್ಟಿಯಾಗಿ ಓದತೊಡಗಿದೆ. ಅವರಿಗೆ ಓದಲು ಬಾರದು, ಕೇಳಿದರೆ ತಿಳಿಯುತ್ತದೆ.

"ಆಗಸ್ಟ್ 7, ಬುಧವಾರ, ಕಬ್ಬಿಣದ ಬೀಗದ ಮರುದಿನ, ಹಸಿರು ಜಾಸ್ತಿ. 9, ಶುಕ್ರವಾರ, ಜಾಸ್ತಿ. 15, ಗುರುವಾರ, ಮಂಕು. 16, ಶುಕ್ರವಾರ, ಜಾಸ್ತಿ."

"ಎಣ್ಸಿ ಎಣ್ಸಿ ಏನ್ ಕಂಡೆ ಪಾಪಾ?"

"ಶುಕ್ರವಾರ ಏನೋ ಐತೆ ಅಣ್ಣಾ. ಹೊಸ ಪೂಟು ಬಂದ್ರೂ ಏನೋ ಐತೆ." ಪೂಟು ಎಂದರೆ ನಮ್ಮ ಕಡೆ ಬೀಗ.

"ಐತೆ ತಾನೆ. ನಾ ಮಂಜಳು ಇಡ್ತೀನಲ್ಲ."

ನಾನು ತಲೆ ಎತ್ತಿದೆ. ಮಂಜಳು ಎಂದರೆ ಅರಿಶಿನ.

"ಎಲ್ಲಿ ಇಡ್ತೀಯೆ?"

"ಪೂಟಿಗೆ. ಒಳಗೆ ಇಡಬ್ಯಾಡ ಅಂದ್ರು ಮೇಡಂ, ನಾ ಒಳಗೆ ಕಾಲೇ ಇಡಲಿಲ್ಲ. ಆ ಮೆಷಿನ್ನಿಗೆ ಸೇರಬೇಕಾದ್ದೆಲ್ಲ ಪೂಟಿಗೇ ಸೇರ್ಸಿದೆ. ನಲ್ಲೆಣ್ಣೆಯಲ್ಲಿ ಕಲಸಿ ಇಟ್ರೆ ನಿಲ್ತದೆ, ಬರೀ ನೀರಾದ್ರೆ ಒಣಗಿ ಬೀಳ್ತದೆ." ನಲ್ಲೆಣ್ಣೆ ಎಂದರೆ ಎಳ್ಳೆಣ್ಣೆ.

"ಹಗ್ಗಕ್ಕೆ?"

"ಅಗ್ಗಕ್ಕೂ ಇಟ್ಟೆ. ಒಸಾದು ತಾನೆ, ಪಾವ." ಪಾವ ಎಂದರೆ ಅಯ್ಯೋ ಪಾಪ.

"ಈಗ ಪೂಟೇ ಇಲ್ಲವಲ್ಲ ಅಣ್ಣಾ."

"ಬಾಗ್ಲು ಇಡಿಯಿಲ್ವಾ?" ಎಂದು ಅವರು ಬಾಗಿಲ ಹಿಡಿಯನ್ನು ತೋರಿಸಿದರು. ಅದರ ಮೇಲೆ ದುಂಡಗೆ ಅರಿಶಿನ, ನಡುವೆ ಕುಂಕುಮ. ಅಂದಿನ ಬೆಳಗಿನದು, ಇನ್ನೂ ಹಸಿ.

ಎಂಟು ಬೀಗಗಳ ಮೇಲೂ ಆ ಬೊಟ್ಟು ಇತ್ತು. ನಾನು ನೋಡಿದ್ದೆ, ಮೇಡಂ ನೋಡಿದ್ದರು, ಆಚಾರಿ ಭೂತಗನ್ನಡಿ ಹಿಡಿದು ನೋಡಿದ್ದರು. ದಿಂಡಿಗಲ್ಲಿನಲ್ಲಿ ಬೀಗದ ಮೇಲೆ ಬೊಟ್ಟು ಇಲ್ಲದಿದ್ದರೆ ನಮ್ಮ ಕಣ್ಣಿಗೆ ಬೀಳುತ್ತಿತ್ತು. ನಾನೋ ಬಹಳ ಶುದ್ಧಿಯವಳು. ಕೋಶಗಳ ಕೋಣೆಯಲ್ಲೇ ಕೈಗವಸು ಹಾಕಿಕೊಂಡು, ಅದೇ ಕೈಯಲ್ಲಿ ಬೀಗ ತೆಗೆದು, ಸ್ಪಿರಿಟ್ ಹಚ್ಚಿ ಉಜ್ಜಿ, ಆಮೇಲೆ ತಟ್ಟೆ ಮುಟ್ಟುತ್ತಿದ್ದೆ. ಅರಿಶಿನ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಸ್ಪಿರಿಟ್‌ನಲ್ಲಿ ಚೆನ್ನಾಗಿ ಕರಗುತ್ತದೆ. ನೀಲಿ ಬೆಳಕಿಗೆ ಅದು ಹಸಿರಾಗಿ ಹೊಳೆಯುತ್ತದೆ. ನಮ್ಮ ಕೈಗವಸುಗಳ ಬಣ್ಣ ಮೊದಲೇ ತಿಳಿ ಹಳದಿ.

"ಆ ಮಂಜಳು ಎಲ್ಲಿಯದಣ್ಣಾ?" ಎಂದು ಕೇಳಿದೆ. ಉತ್ತರ ನನಗೆ ಗೊತ್ತಿತ್ತು.

"ಏನ್ ಪಾಪಾ ಇಂಗೆ ಕೇಳ್ತೀಯೆ. ನಿಮ್ಮವ್ವಂದು ತಾನೆ. ಕಡೇಲಿ ಸಿಗೋದು ಇಷ್ಟು ಇಡಿಯೋದಿಲ್ಲ." ಕಡೆ ಎಂದರೆ ಅಂಗಡಿ.

ಡೈರಿಗಳನ್ನು ತಿರುವಿ ಎಣಿಸಿದೆ. ಐದು ವರ್ಷದಲ್ಲಿ ನಾನು ಊರಿಂದ ತಂದುಕೊಟ್ಟದ್ದು ಇಪ್ಪತ್ತಾರು ಡಬ್ಬಿ. ಎಲ್ಲವೂ ದಿನಾಂಕದ ಸಮೇತ ಬರೆದಿದ್ದೆ, 'ಊರಿಂದ ತಂದದ್ದು' ಎಂಬ ಪುಟದಲ್ಲಿ. 'ಕೋಶಗಳಿಗೆ ಹಾಕಿದ್ದು' ಎಂಬ ಪುಟದಲ್ಲಿ ಬರೆಯಬೇಕಿತ್ತು. ಬೇರೆ ಯಾರಾದರೂ ಓದುವಂತಿದ್ದರೆ ಮೊದಲೇ ಕೇಳುತ್ತಿದ್ದರು; ಯಾರೂ ಓದಲಾರದ ಪುಸ್ತಕದ ಅಪಾಯ ಇದೇ.

ಮೇಡಂಗೆ ಹೇಳಿದಾಗ ಅವರು ಬಂದು ಬಾಗಿಲ ಹಿಡಿಯನ್ನು ಬಾಗಿ ನೋಡಿದರು. ಆಮೇಲೆ ಪಾಂಡಿಯಣ್ಣನವರ ಕಡೆ ತಿರುಗಿ, "ನನಗೊಂದು ಮಾತು ಹೇಳಬಾರದಿತ್ತಾ?" ಎಂದರು. ಅವರು ತಮಿಳಿನಲ್ಲಿ ಬಹಳ ವಿನಯದಿಂದ, "ನೀವು ಬೀಗ ಯಾವುದರಿಂದ ಮಾಡಿದ್ದು ಅಂತ ಮಾತ್ರ ಕೇಳುತ್ತಿದ್ದಿರಿ ಮೇಡಂ" ಎಂದರು.

ಶುಕ್ರವಾರ ಮಧ್ಯಾಹ್ನ ಹೊಸ ಕೋಶಗಳನ್ನು ಬಿತ್ತಿದೆ. ಎರಡು ದಿನ ಬೆಳೆಯಬೇಕು. ಪಾಂಡಿಯಣ್ಣ ಬಾಗಿಲನ್ನು ಸೀಗೆಪುಡಿ ಹಾಕಿ ಮೂರು ಸಲ ತೊಳೆದರು. ಪ್ರತಿ ಸಲವೂ, ತಪ್ಪು ಮಾಡುತ್ತಿದ್ದೇನೆ ಎಂಬ ಮುಖದಲ್ಲಿ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲನ್ನು ಅವರೇ ಮೊಣಕೈಯಿಂದ ತಳ್ಳಿ ತೆರೆದರು. ಒಳಗೆ ಹೋದ ಮೇಲೆ ನಾನು ಹೊಸ ಕೈಗವಸು ಹಾಕಿಕೊಂಡೆ. ಏನೂ ಹಾಕದ ತಟ್ಟೆ: ಕಪ್ಪು. ಬರೀ ಶೋಧಕ ಹಾಕಿದ ತಟ್ಟೆ: ಕಪ್ಪು. ಶೋಧಕ ಮತ್ತು ಸತು: ಹಸಿರು. ಹದಿನಾಲ್ಕು ತನ್ನ ಕೆಲಸವನ್ನು ಮೊದಲಿನಿಂದಲೂ ಸರಿಯಾಗಿಯೇ ಮಾಡುತ್ತಿತ್ತು.

ಹನ್ನೊಂದು ಗಂಟೆಗೆ ಮೇಡಂ ಬಂದು ನನ್ನ ಕಂಪ್ಯೂಟರ್ ಮುಂದೆ ಕೂತರು. ಕಡತದಲ್ಲಿ ಎರಡು ಕಪ್ಪು ಚಿತ್ರಗಳಿದ್ದವು, ಇಂದಿನದು ಮತ್ತು 47. ಎರಡನ್ನೂ ಅಕ್ಕಪಕ್ಕ ತೆರೆದರು. ವ್ಯತ್ಯಾಸವೇ ಇಲ್ಲ.

"ಎರಡು ಸಿಕ್ಕಿತಾ?"

ಅವರು ಅಭ್ಯಾಸದಂತೆ ಹೊಳಪನ್ನು ಹೆಚ್ಚಿಸುತ್ತಾ ಹೋದರು. ಇಂದಿನ ಚಿತ್ರದ ಕತ್ತಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡ ದುಂಡನೆಯ ನೆರಳುಗಳು ಮೂಡಿದವು, ಬೆಳಕು ಹರಿಯುವ ಮುಂಚೆ ಹಂದರದ ಕೆಳಗೆ ನಿಂತು ನೋಡಿದರೆ ದ್ರಾಕ್ಷಿಗೊಂಚಲು ಕಾಣುತ್ತದಲ್ಲ, ಹಾಗೆ. ಜೀವ ಇರುವ ಕೋಶಕ್ಕೆ ತನ್ನದೇ ಒಂದು ಚೂರು ಬೆಳಕು ಇರುತ್ತದೆ. 47ರಲ್ಲಿ ಎಷ್ಟು ಹೆಚ್ಚಿಸಿದರೂ ಏನೂ ಬರಲಿಲ್ಲ.

"ಇದೇನಮ್ಮಾ?"

"ದಾರಿ ಮುಚ್ಚಿ ತೆಗೆದದ್ದು ಮೇಡಂ. ಗುರುವಾರ."

"ಪರಿಶೀಲಿಸುವವರೂ ಹೊಳಪು ಹೆಚ್ಚಿಸಿ ನೋಡುತ್ತಾರೆ, ಗೊತ್ತಾ?"

"ಈಗ ಗೊತ್ತಾಯಿತು."

ಅವರು ಇಂದಿನದನ್ನು ಜೋಡಿಸಿ ಹನ್ನೊಂದು ನಲವತ್ತಕ್ಕೆ ಕಳಿಸಿದರು. 47ನ್ನು ಅಳಿಸಲಿಲ್ಲ. ಮುದ್ರಿಸಿ ನನ್ನ ಕೈಗೆ ಕೊಟ್ಟು, "ಡೈರಿಯಲ್ಲಿ ಅಂಟಿಸಿಕೋ. ಯಾವ ಪುಟದಲ್ಲಿ ಅಂತ ನೀನೇ ನೋಡಿಕೋ" ಎಂದರು. ಲೇಖನ ಪ್ರಕಟವಾಯಿತು. ಕೊನೆಯಲ್ಲಿ ಧನ್ಯವಾದ ಹೇಳುವ ಕಡೆ, ಬಾಗಿಲು ಕಾದ ಪಾಂಡಿಯಣ್ಣನವರ ಹೆಸರಿದೆ. ಬೀಗದ ತಪ್ಪಿಲ್ಲ ಎಂದು ಆಚಾರಿಗೂ ಒಂದು ಪ್ರತಿ ಕೊಟ್ಟು ಬಂದೆವು. ಅವರು ಅದನ್ನು ಅಂಗಡಿಯಲ್ಲಿ ತೂಗುಹಾಕಿದ್ದಾರೆ.

ನನ್ನ ನಿವೃತ್ತಿಯ ದಿನ ಮೇಡಂ ಆ ಸೋಮವಾರದ ಚಿತ್ರವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಕೊಟ್ಟರು. ಈಗ ಅದು ಓಡೈಪಟ್ಟಿಯ ನಮ್ಮ ಮನೆಯ ಗೋಡೆಯ ಮೇಲೆ, ಆರು ನಿಮಿಷ ಹಿಂದಿರುವ ಗಡಿಯಾರದ ಪಕ್ಕದಲ್ಲಿದೆ. ಅದನ್ನು ತೂಗುಹಾಕಿದ ದಿನ ಅವ್ವ ಸೆರಗಿನಿಂದ ಗಾಜು ಒರೆಸುತ್ತಾ ಕೇಳಿದಳು.

"ಏ ಪುಳ್ಳೆ, ಇದ್ರಾಗೆ ಏನೈತೆ?"

"ಏನೂ ಇಲ್ಲೆ ಅವ್ವಾ. ಏನೂ ಇಲ್ಲದಂಗೆ ಮಾಡಾಕೆ ಮೂರು ತಿಂಗಳಾತು."

"ಮೂರು ತಿಂಗಳಾ?" ಎಂದು ಅವಳು ಹತ್ತಿರ ಬಾಗಿ ನೋಡಿದಳು. "ಪಾವ, ಮುಖವೇ ಇಲ್ಲದಂಗೆ ಐತೆ."

ಅದು ಗುರುವಾರ. ಮರುದಿನ ಬೆಳಿಗ್ಗೆ ಎದ್ದು ನೋಡಿದಾಗ ಗಾಜಿನ ನಟ್ಟನಡುವೆ ದುಂಡಗೆ ಒಂದು ಅರಿಶಿನದ ಬೊಟ್ಟು, ಅದರೊಳಗೆ ಕುಂಕುಮ. ನಲ್ಲೆಣ್ಣೆಯಲ್ಲಿ ಕಲಸಿದ್ದು, ಗಟ್ಟಿಯಾಗಿ ನಿಂತಿತ್ತು. ಡೈರಿ ತೆಗೆದು ದಿನಾಂಕ ಹಾಕಿದೆ. ಯಾವ ಪುಟದಲ್ಲಿ ಬರೆಯುವುದೆಂದು ಈ ಸಲ ಸ್ವಲ್ಪ ಹೊತ್ತು ಯೋಚಿಸಿದೆ.